ರಟ್ಟಿನ ಪೆಟ್ಟಿಗೆಯಲ್ಲಿ ತೊಟ್ಟಿಯ ಮನೆ

ಕಟ್ಟಡದ ಚಿತ್ರವನ್ನು ಒಂದೇ ಹಾಳೆಯ ಮೇಲೆ ಬರೆಯದೆ, ನಾಲ್ಕಾರು ರಟ್ಟುಗಳಲ್ಲಿ ಕೊರೆದು, ಅವುಗಳನ್ನು ಒಂದರ ಹಿಂದೊಂದು ಅಂತರ ಬಿಟ್ಟು ನಿಲ್ಲಿಸಿ, ಮುಂದೆ ಗಾಜು ಹಾಕುವ ಕೈಕೆಲಸವೊಂದುಂಟು. ಇಂಗ್ಲಿಷಿನವರು ಇದನ್ನು ಷ್ಯಾಡೊ ಬಾಕ್ಸ್ ಎನ್ನುತ್ತಾರೆ; ನಾವು ನೆರಳಿನ ಪೆಟ್ಟಿಗೆ ಎಂದರೆ ತಪ್ಪಾಗಲಾರದು. ಇದು ಬರಿಯ ಆಟಿಕೆಯೆಂದೇ ನಾನೂ ಎಣಿಸಿದ್ದೆ. ಈ ಬೇಸಿಗೆಯಲ್ಲಿ ನನ್ನ ಅಣ್ಣನ ಮಗಳು ಮಾಡಿದ ಎರಡು ಪೆಟ್ಟಿಗೆಗಳನ್ನು ನೋಡಿದ ಮೇಲೆ ಆ ಎಣಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಕಲೆ ಹೊಸದಲ್ಲ. ಜರ್ಮನಿಯ ಆಗ್ಸ್‌ಬರ್ಗ್ ನಗರದ ಮಾರ್ಟಿನ್ ಎಂಗೆಲ್‌ಬ್ರೆಕ್ಟ್ (1684–1756) ಬಣ್ಣ ತುಂಬಿದ ಅಚ್ಚಿನ ಚಿತ್ರಗಳನ್ನು ಕತ್ತರಿಸಿ, ಆರೋ ಎಂಟೋ ಸೇರಿಸಿ ಒಂದೊಂದು ಕಂತೆಯಾಗಿ ಹೊರತರುತ್ತಿದ್ದ. ಪೆಟ್ಟಿಗೆಯ ಸೀಳುಗಳಲ್ಲಿ ಅವನ್ನು ಸಿಕ್ಕಿಸಿ ಇಣುಕಿದರೆ ಅರಮನೆಯ ಹಜಾರವೋ ಉದ್ಯಾನವೋ ದೂರದೂರಕ್ಕೆ ಸರಿಯುತ್ತಿತ್ತು. 1843ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಮಾರ್ಕ್ ಬ್ರುನೆಲ್ಲನ ಸುರಂಗ ತೆರೆದಾಗ, ಹಾರ್ಮೋನಿಯಮ್ಮಿನ ತಿದಿಯಂತೆ ಎಳೆದು ಹಿಗ್ಗಿಸಬಹುದಾದ ಕಾಗದದ ಸುರಂಗಗಳು ಮಾರಾಟಕ್ಕೆ ಬಂದವು. ಸುರಂಗಕ್ಕೆ ತೋರಿಸಿಕೊಳ್ಳಲು ಹೊರಮೈಯೇ ಇಲ್ಲವಷ್ಟೆ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಈ ಕಲೆಗೆ ಅದಕ್ಕಿಂತ ಒಪ್ಪುವ ವಸ್ತು ಬೇರೆ ಸಿಕ್ಕುವುದು ಕಷ್ಟ.

ಹುಡುಗಿಯ ಮೊದಲ ಪೆಟ್ಟಿಗೆ ನಮ್ಮ ಊರಿನ ಮನೆಯ ಮುಂಭಾಗದ್ದು. ಹೆಂಚು, ಜಗಲಿ, ಕಂಬ, ಎಲ್ಲವೂ ಇದ್ದುವು. ಹಿಂದೆ ಪುಟ್ಟ ವಿದ್ಯುದ್ದೀಪಗಳು ಬೇರೆ. ನೋಡಿದವರೆಲ್ಲ ಹೊಗಳಿದರು. ನನಗೆ ರುಚಿಸಲಿಲ್ಲ. ಮನೆಯ ಮುಂಗೋಡೆ ಒಂದೇ ಮಟ್ಟದ್ದು. ಅದನ್ನು ಐದು ಪದರ ಮಾಡಿದರೆ ದೊರೆಯುವುದು ಉಬ್ಬುಚಿತ್ರವೇ ಹೊರತು ಆಳವಲ್ಲ. ಲೇಸರ್ ಯಂತ್ರದಲ್ಲಿ ಕೊರೆದು ಅಂಗಡಿಗಳಲ್ಲಿ ಮಾರುವ ದೇವಾಲಯಗಳ ದೋಷವೂ ಇದೇ. ಮೊದಲ ಪದರದಲ್ಲಿಯೇ ಕಸೂತಿಯಂತೆ ಕೆತ್ತಿಬಿಟ್ಟರೆ ಕಣ್ಣು ಒಳಗೆ ಹೋಗುವುದೆಂತು? ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಪೂರ್ವದ ಬಾಗಿಲಲ್ಲಿ ನಿಂತವನಿಗೆ ನವರಂಗದ ಕಂಬಗಳ ನಡುವೆ ಕತ್ತಲೆ ಹೆಜ್ಜೆಹೆಜ್ಜೆಗೂ ದಟ್ಟವಾಗುತ್ತದೆ. ಪೆಟ್ಟಿಗೆ ಹಿಡಿಯಬೇಕಾದದ್ದು ಅದನ್ನು. ಗರ್ಭಗುಡಿಯ ಬೆನ್ನಿಗೆ ದೀಪ ಹಚ್ಚುವುದು ಯಾವ ನ್ಯಾಯವೋ ಕಾಣೆ.

ಎರಡನೆಯದಕ್ಕೆ ಅವಳು ಹೊಸ್ತಿಲ ಮೇಲೆ ನಿಂತು ನೋಡಿದಳು. ತಲೆಬಾಗಿಲ ಚೌಕಟ್ಟು, ಪಡಸಾಲೆಯ ಕಂಬಗಳು, ತೊಟ್ಟಿಯಾಚೆಯ ಕಂಬಗಳು, ನಡುಮನೆಯ ಬಾಗಿಲು, ಕೊನೆಗೆ ಹಿತ್ತಲ ಬಾಗಿಲು: ಹೀಗೆ ಐದು ರಟ್ಟು. ಐದರಲ್ಲಿಯೂ ಕಣ್ಣಿನ ಮಟ್ಟದ ಗೆರೆ ಒಂದೇ ಎತ್ತರದಲ್ಲಿದೆ. ಅದು ತಪ್ಪಿದರೆ ಮನೆಯೇ ಕುಸಿದಂತೆ ಕಾಣುತ್ತದೆ. ಪೆಟ್ಟಿಗೆಯ ಆಳ ಐದು ಅಂಗುಲ. ರಟ್ಟುಗಳ ನಡುವೆ ಮುಕ್ಕಾಲು ಅಂಗುಲ ಬಿಟ್ಟವಳು ತೊಟ್ಟಿಯ ಜಾಗದಲ್ಲಿ ಮಾತ್ರ ಪೂರ್ತಿ ಎರಡು ಅಂಗುಲ ಬಿಟ್ಟಿದ್ದಾಳೆ. ಅದರ ನೇರಕ್ಕೆ ಮೇಲಿನ ಹಲಗೆಯನ್ನು ಕೊರೆದು ತೆಳುವಾದ ಎಣ್ಣೆಕಾಗದ ಅಂಟಿಸಿದ್ದಾಳೆ. ದೀಪವಿಲ್ಲ. ಕೋಣೆಯ ಬೆಳಕೇ ಅಲ್ಲಿಂದ ಇಳಿಯುತ್ತದೆ. ಮುಂದೆ ಕತ್ತಲೆ, ನಡುವೆ ಬೆಳಕು, ಹಿಂದೆ ಮತ್ತೆ ಕತ್ತಲೆ. ತೊಟ್ಟಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಲಾಕ್ಷಣಿಕರು ಔಚಿತ್ಯವೆಂದು ಕರೆದದ್ದನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಆ ಎರಡು ಅಂಗುಲ ಬರಿದಾದ ಜಾಗದಲ್ಲಿ ಅದು ನನಗೆ ಕಣ್ಣಿಗೆ ಕಂಡಿತು. ರಟ್ಟು ನಿಮಿತ್ತ ಮಾತ್ರ.

ಕೊರತೆಗಳಿಲ್ಲದಿಲ್ಲ. ನಮ್ಮ ಕಂಬಗಳು ಹಲಸಿನ ಮರದ ಬೋಳು ಕಂಬಗಳು. ಅವಳು ಹೂಬಳ್ಳಿ ಕೆತ್ತಿದ್ದಾಳೆ. ಕೊರೆದ ಅಂಚುಗಳಿಗೆ ಕಪ್ಪು ಬಳಿಯಲು ಮರೆತದ್ದರಿಂದ ರಟ್ಟಿನ ಬಿಳುಪು ಅಲ್ಲಲ್ಲಿ ಇಣುಕಿ ಕತ್ತಲೆಯನ್ನು ಕೆಡಿಸುತ್ತದೆ. ಮುಂದಿನ ಪೆಟ್ಟಿಗೆಯಲ್ಲಿ ಇವನ್ನು ತಿದ್ದಿಕೊಳ್ಳಬಹುದು.

ಆ ಮನೆ ಈಗಿಲ್ಲ. ಪಾಲಾದ ಮೇಲೆ ಮಾರಿದೆವು, ಕೊಂಡವರು ಕೆಡವಿದರು. ಕಾಗದಕ್ಕೆ ಮೊದಲು ರುಜು ಹಾಕಿದವನು ಅಣ್ಣ. ಮೊದಲ ಪೆಟ್ಟಿಗೆಯನ್ನು ಅವನು "ಚೆನ್ನಾಗಿದೆ" ಎಂದು ಬದಿಗಿಟ್ಟಿದ್ದ. ಎರಡನೆಯದನ್ನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಕಡೆಗೆ ತಿರುಗಿ, "ಹಿತ್ತಲ ಬಾಗಿಲು ತೆರೆದೇ ಇದೆಯಲ್ಲಮ್ಮ, ಬೆಕ್ಕು ನುಗ್ಗುತ್ತೆ" ಎಂದ.