‘ಕುಡುಗೋಲು ರಕ್ತಹೀನತೆ’: ಒಂದು ಪದವಿಮರ್ಶೆ

ವೈದ್ಯಶಾಸ್ತ್ರದ ಪದವು ಕನ್ನಡಕ್ಕೆ ಬಂದಾಗ ಅದರ ರೂಪದಂತೆಯೇ ಪರಿಣಾಮವನ್ನೂ ಪರೀಕ್ಷಿಸುವುದು ಅವಶ್ಯ. ೧೯೧೦ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ವರ್ಣಿಸಿದ ಬಾಗಿದ ರಕ್ತಕಣಗಳಿಗೆ ‘ಕುಡುಗೋಲು’ ಎಂಬ ಹೋಲಿಕೆ ಒಪ್ಪುತ್ತದೆ. ತಿಕೋಟಾ, ಬಬಲೇಶ್ವರಗಳ ರೈತನಿಗೆ ಆ ಆಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ರಕ್ತಹೀನತೆ’ಯಾದರೋ ದಾರಿ ತಪ್ಪಿಸುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಎಂಬುದು ಜನರ ಗ್ರಹಿಕೆ. ಇಲ್ಲಿಯ ದೋಷವು ಹಿಮೋಗ್ಲೋಬಿನ್ನಿನ ರಚನೆಯಲ್ಲಿಯೇ ಇದೆ; ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ ಉಂಟುಮಾಡುವ ತೀವ್ರ ವೇದನೆಯನ್ನು ಈ ಹೆಸರು ಸೂಚಿಸುವುದೇ ಇಲ್ಲ.

‘ವಾಹಕ’ ಎಂಬ ಪದವೂ ನಿರ್ದುಷ್ಟವಲ್ಲ. ಅದು ಅಂಟುರೋಗದ ಶಂಕೆ ಹುಟ್ಟಿಸಿ, ಸಾಮಾನ್ಯವಾಗಿ ಆರೋಗ್ಯದಿಂದಿರುವ ಕನ್ಯೆಯ ವಿವಾಹಕ್ಕೆ ಅಡ್ಡಿಯಾಗಬಲ್ಲದು. ತಂದೆತಾಯಿಗಳಿಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವವು ನಾಲ್ಕರಲ್ಲಿ ಒಂದು. ಥ್ಯಾಲಸೀಮಿಯಾಕ್ಕೂ ಇದೇ ಲೆಕ್ಕ. ರಾಜ್ಯದಲ್ಲಿ ಕುಡುಗೋಲು ಕಣಗಳು ಹೆಚ್ಚಾಗಿ ಕಂಡಿರುವುದು ಮೈಸೂರು, ಚಾಮರಾಜನಗರ ಸೀಮೆಯ ಬುಡಕಟ್ಟುಗಳಲ್ಲಿಯಾದರೂ, ಸೋದರಸಂಬಂಧದ ಮದುವೆಗಳು ರೂಢಿಯಲ್ಲಿರುವ ವಿಜಯಪುರಕ್ಕೂ ಈ ತಿಳಿವಳಿಕೆ ಬೇಕು.

೨೦೨೩ರ ಜುಲೈ ೧ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು ೨೦೪೭ರೊಳಗೆ ‘ನಿರ್ಮೂಲನ’ದ ಗುರಿಯಿಟ್ಟಿದೆ. ಉದ್ದೇಶವು ಶ್ಲಾಘ್ಯ, ಆದರೆ ಹುಟ್ಟಿನಿಂದಲೇ ಈ ವ್ಯಾಧಿಯೊಡನೆ ಬಾಳುವವರು ಆ ಮಾತನ್ನು ತಮ್ಮನ್ನೇ ಕುರಿತದ್ದೆಂದು ಭಾವಿಸಬಾರದಷ್ಟೆ. ‘ಕುಡುಗೋಲುಕಣ ವ್ಯಾಧಿ’, ‘ಒಂದು ಪಾಲು ಪಡೆದವರು’, ‘ನಿವಾರಣೆ’ ಎಂಬ ಪದಗಳು ಹೆಚ್ಚು ಸತ್ಯವೂ ಸಹೃದಯವೂ ಆಗಿವೆಯೆಂದು ನಮ್ಮ ಅಭಿಪ್ರಾಯ.