ಸಂದರ್ಶನದ ಪ್ರಾಮಾಣ್ಯ

ಸ್ನಾತಕೋತ್ತರ ತರಗತಿಗಳ ಪ್ರಬಂಧಗಳಲ್ಲಿ ಈಚೆಗೆ ಒಂದು ರೂಢಿ ಬಲವಾಗಿ ನೆಲೆಯೂರಿದೆ. ಕಾದಂಬರಿಯೊಂದರ ಅರ್ಥವನ್ನು ಕುರಿತು ಚರ್ಚೆ ಬೆಳೆಯುತ್ತಿರುವಂತೆಯೇ ವಿದ್ಯಾರ್ಥಿಯು ಗ್ರಂಥಕರ್ತನ ಯಾವುದೋ ಸಂದರ್ಶನದಿಂದ ನಾಲ್ಕು ವಾಕ್ಯಗಳನ್ನು ಎತ್ತಿಕೊಟ್ಟು ವಾದವನ್ನು ಅಲ್ಲಿಗೇ ಮುಗಿಸಿಬಿಡುತ್ತಾನೆ. ಬರೆದವರೇ ಹೀಗೆಂದಿರುವಾಗ ಬೇರೆಯ ಮಾತೇಕೆ ಎಂಬುದು ಅವನ ಭಾವ. ಶಾಸನವೊಂದನ್ನು ಉದಾಹರಿಸಿದರೆ ಅದು ಮೂಲವೋ ಕೂಟವೋ, ಯಾರು ಬರೆಯಿಸಿದರು, ಯಾವ ಕಾಲದ ಲಿಪಿ ಎಂದು ಕೇಳುವುದು ಇತಿಹಾಸ ವಿಭಾಗಗಳ ನಿತ್ಯದ ಕೆಲಸ. ಅಂಥ ವಿಭಾಗದಿಂದ ಬಂದ ಪ್ರಬಂಧದಲ್ಲಿಯೂ ಸಂದರ್ಶನಕ್ಕೆ ಮಾತ್ರ ಈ ಪರೀಕ್ಷೆಯಿಂದ ವಿನಾಯಿತಿ ದೊರೆತಿರುವುದನ್ನು ಕಾಣುತ್ತೇವೆ. ಸಂದರ್ಶನವು ಎಂಥ ಆಧಾರ, ಯಾವುದಕ್ಕೆ ಆಧಾರ ಎಂಬುದನ್ನು ಇಲ್ಲಿ ಕೊಂಚ ವಿವೇಚಿಸಬೇಕೆಂದಿದ್ದೇವೆ.

ಪಂಪನನ್ನು ಯಾರೂ ಸಂದರ್ಶಿಸಲಿಲ್ಲ. ಆದರೂ ಅವನ ಮಾತು ನಮಗೆ ದೊರೆತಿದೆ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಆ ಕವಿ ತನ್ನ ಭಾರತದ ಕೊನೆಯಲ್ಲಿ, ಅದನ್ನು ಆರು ತಿಂಗಳಲ್ಲಿಯೂ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ರಚಿಸಿದುದಾಗಿ ಹೇಳಿಕೊಂಡಿದ್ದಾನೆ. ಅರಿಕೇಸರಿಯು ತನಗೆ ಅಗ್ರಹಾರವನ್ನು ದತ್ತಿಯಾಗಿ ಕೊಟ್ಟನೆಂದೂ ತಿಳಿಸಿದ್ದಾನೆ. ಎರಡನೆಯ ಮಾತಿಗೆ ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲದ ಶಾಸನವು ಹೊರಗಿನ ಸಾಕ್ಷ್ಯವಾಗಿ ನಿಂತಿದೆ. ತಿಂಗಳುಗಳ ಲೆಕ್ಕಕ್ಕೆ ಕವಿಯ ಬಾಯಲ್ಲದೆ ಬೇರೆ ಸಾಕ್ಷಿಯಿಲ್ಲ. ಒಬ್ಬನೇ ಕವಿ ತನ್ನನ್ನು ಕುರಿತು ಆಡಿದ ಎರಡು ಮಾತುಗಳಿಗೆ ಎರಡು ಬೇರೆ ತೂಕಗಳಿರುವುದನ್ನು ನಮ್ಮ ಸಾಹಿತ್ಯ ಚರಿತ್ರಕಾರರು ಎಂದೋ ಗುರುತಿಸಿದ್ದಾರೆ. ಅಚ್ಚಿನ ಕಾಲದ ಲೇಖಕರ ಮಾತಿಗೂ ಇದೇ ತಕ್ಕಡಿ ಬೇಕು.

ಲೇಖಕನ ಎದುರಿಗೆ ಕುಳಿತು ಅವನ ಮಾತನ್ನು ಬರೆದಿಟ್ಟವರಲ್ಲಿ ಯೋಹಾನ್ ಪೀಟರ್ ಎಕರ್‌ಮನ್ನನ ಹೆಸರು ಬಹು ದೊಡ್ಡದು. 1823ರ ಜೂನ್ ತಿಂಗಳಲ್ಲಿ ವೈಮಾರ್ ನಗರಕ್ಕೆ ಬಂದ ಆತ, 1832ರಲ್ಲಿ ಗಯಟೆಯು ತೀರಿಕೊಳ್ಳುವವರೆಗೆ ಅವನ ಬಳಿಯಲ್ಲಿದ್ದ. ಸಂಭಾಷಣೆಗಳ ಮೊದಲ ಎರಡು ಸಂಪುಟಗಳು 1836ರಲ್ಲಿ ಹೊರಬಂದುವು. ಮೂರನೆಯದು ಬಂದುದು 1848ರಲ್ಲಿ, ಎಂದರೆ ಕವಿಯ ಮರಣಾನಂತರ ಹದಿನಾರು ವರ್ಷಗಳಿಗೆ. ಈ ಕೊನೆಯ ಸಂಪುಟಕ್ಕೆ ಎಕರ್‌ಮನ್ನನ ಸ್ವಂತ ಟಿಪ್ಪಣಿಗಳು ಸಾಲದೆ ಹೋಗಿ, ಫ್ರೆಡೆರಿಕ್ ಸೊರೆ ಎಂಬ ಸ್ವಿಸ್ ವಿದ್ವಾಂಸನ ಟಿಪ್ಪಣಿಗಳನ್ನೂ ಸೇರಿಸಿಕೊಳ್ಳಬೇಕಾಯಿತು. ಇದನ್ನು ಆತ ಮುಚ್ಚಿಡಲಿಲ್ಲ. ಮುಂದೆ 1920ರ ದಶಕದಲ್ಲಿ ಯೂಲಿಯುಸ್ ಪೀಟರ್ಸನ್ ಮೊದಲಾದ ಜರ್ಮನ್ ವಿದ್ವಾಂಸರು ಈ ಗ್ರಂಥ ಹುಟ್ಟಿದ ಬಗೆಯನ್ನು ಶೋಧಿಸಿ, ಚುಟುಕು ಟಿಪ್ಪಣಿಗಳಿಂದ ನೀಳವಾದ ಸಂಭಾಷಣೆಗಳು ಬೆಳೆದುದನ್ನು ತೋರಿಸಿದರು. ಹಾಗೆಂದು ಗ್ರಂಥವು ಸುಳ್ಳಾಯಿತೆ? ಇಲ್ಲ. ವಿಶ್ವಸಾಹಿತ್ಯದ ಕಾಲ ಬರುತ್ತಲಿದೆ ಎಂಬ 1827ರ ಪ್ರಸಿದ್ಧ ಅಭಿಪ್ರಾಯವು ಗಯಟೆಯದೇ ಎಂಬುದಕ್ಕೆ ಅವನ ಇತರ ಬರೆಹಗಳಲ್ಲಿ ಬೆಂಬಲವಿದೆ. ವಾಕ್ಯವು ಮಾತ್ರ ಎಕರ್‌ಮನ್ನನದು. ಅಭಿಪ್ರಾಯಕ್ಕೆ ಅದನ್ನು ಉದಾಹರಿಸಬಹುದು. ಪದಪ್ರಯೋಗದ ಮೇಲೆ ವಾದವನ್ನು ಕಟ್ಟಲಾಗದು.

ಸಾಹಿತ್ಯಲೋಕದ ಆಗುಹೋಗುಗಳನ್ನು ಬೆನ್ನು ಹತ್ತಿ ನೋಡುವ ವೃತ್ತಪತ್ರಿಕೆಯ ಸಂದರ್ಶನಕ್ಕೆ ಪ್ಯಾರಿಸಿನ ಜ್ಯೂಲ್ ಹ್ಯೂರೆಯು ಒಳ್ಳೆಯ ಉದಾಹರಣೆ. ಈತನು 1891ರ ಮಾರ್ಚಿನಿಂದ ಜುಲೈವರೆಗೆ 'ಎಕೊ ದ ಪಾರಿ' ಪತ್ರಿಕೆಗಾಗಿ ಅರವತ್ತನಾಲ್ಕು ಮಂದಿ ಲೇಖಕರನ್ನು ವಿಚಾರಿಸಿದನು. ಜೋಲಾನ ಪ್ರಕೃತಿವಾದವು ಸತ್ತಿತೇ, ಅದರ ಸ್ಥಾನಕ್ಕೆ ಬರುವವರು ಯಾರು ಎಂಬುದು ಅವನ ಮುಖ್ಯವಾದ ಪ್ರಶ್ನೆ. ಮಲಾರ್ಮೆ, ವರ್ಲೇನ್, ಮೊಪಾಸಾ ಇವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ಪಾಲ್ ಅಲೆಕ್ಸಿಯಂತೂ, ಪ್ರಕೃತಿವಾದ ಸತ್ತಿಲ್ಲ, ಪತ್ರ ಹಿಂದಿನಿಂದ ಬರುತ್ತದೆ ಎಂದು ತಂತಿಯನ್ನೇ ಕಳುಹಿಸಿದ. ಅದೇ ವರ್ಷ ಪುಸ್ತಕ ಮಾಡುವಾಗ ಹ್ಯೂರೆಯು ಲೇಖಕರನ್ನು ಮನಶ್ಶಾಸ್ತ್ರಿಗಳು, ಸಂಕೇತವಾದಿಗಳು, ಪ್ರಕೃತಿವಾದಿಗಳು, ಪಾರ್ನಾಸ್ ಪಂಥದವರು, ಸ್ವತಂತ್ರರು ಎಂದು ಮುಂತಾಗಿ ಬಣಗಳಾಗಿ ವಿಂಗಡಿಸಿದ್ದಾನೆ.

ಇಲ್ಲಿ ವಿಮರ್ಶಕನು ಎಚ್ಚರದಿಂದಿರಬೇಕು. ಬಣಗಳು ಮೊದಲೇ ಇದ್ದು ಹ್ಯೂರೆಯು ಅವನ್ನು ಕಂಡನೋ, ಅಥವಾ ಅವನ ಪ್ರಶ್ನೆಯ ರೂಪವೇ ಲೇಖಕರನ್ನು ಬಣಗಳಿಗೆ ನೂಕಿತೋ? ಯಾರು ಸತ್ತರು, ಯಾರು ಬದುಕಿದರು ಎಂದು ಕೇಳಿದಾಗ ಬರುವ ಉತ್ತರ ಚುನಾವಣೆಯ ಭಾಷಣದಂತೆ ಇರುವುದು ಸಹಜ. ವೃದ್ಧಕವಿ ಲಕೋಂತ್ ದ ಲೀಲನಿಗೂ ಅನಾತೋಲ್ ಫ್ರಾನ್ಸನಿಗೂ ಈ ಸಂದರ್ಶನಗಳ ನಿಮಿತ್ತ ಜಗಳ ಹತ್ತಿ, ಅದು ದ್ವಂದ್ವಯುದ್ಧದ ಸವಾಲಿನವರೆಗೆ ಹೋಯಿತು, ಯುದ್ಧವೇನೋ ನಡೆಯಲಿಲ್ಲ. ಈ ಜಗಳದ ಪತ್ರಗಳನ್ನು ಹ್ಯೂರೆಯು ಪುಸ್ತಕದ ಅನುಬಂಧದಲ್ಲಿ ಅಚ್ಚು ಮಾಡಿದ್ದಾನೆ. ನಮ್ಮ ದೃಷ್ಟಿಯಲ್ಲಿ ಆ ಅನುಬಂಧವೇ ಪುಸ್ತಕದ ಅತ್ಯಂತ ಬೆಲೆಯುಳ್ಳ ಭಾಗ. ಸಂದರ್ಶನವು ಸಾಹಿತ್ಯಲೋಕವನ್ನು ದೂರ ನಿಂತು ವರದಿ ಮಾಡದೆ, ತಾನೇ ಅದರಲ್ಲೊಂದು ಘಟನೆಯಾಗುವುದನ್ನು ಅದು ತೋರಿಸುತ್ತದೆ. 1891ರ ಫ್ರೆಂಚ್ ಕಾವ್ಯದ ಗುಣವನ್ನು ತಿಳಿಯಲು ಹ್ಯೂರೆಯನ್ನು ಓದುವವನಿಗೆ ದೊರೆಯುವುದು ಅಲ್ಪ. ಆ ವರ್ಷದ ಲೇಖಕರ ಅಸೂಯೆ, ಆಸೆ, ಅಂಜಿಕೆಗಳನ್ನು ತಿಳಿಯಲು ಓದುವವನಿಗೆ ಅದಕ್ಕಿಂತ ಒಳ್ಳೆಯ ಆಕರ ಸಿಕ್ಕುವುದು ಕಷ್ಟ.

1953ರಲ್ಲಿ ಪ್ರಾರಂಭವಾದ 'ಪ್ಯಾರಿಸ್ ರಿವ್ಯೂ' ಪತ್ರಿಕೆಯು ಪ್ರಶ್ನೆಯ ಗತಿಯನ್ನೇ ತಿರುಗಿಸಿತು. ನೀವು ಯಾರ ಪಕ್ಷ ಎಂದು ಕೇಳುವುದರ ಬದಲು, ಹೇಗೆ ಬರೆಯುತ್ತೀರಿ ಎಂದು ಅದು ಕೇಳಿತು. ಮೊದಲ ಸಂಚಿಕೆಯಲ್ಲಿ ಇ. ಎಂ. ಫಾರ್ಸ್ಟರರನ್ನು ಕೇಂಬ್ರಿಜ್ಜಿನಲ್ಲಿ ಕಂಡ ಇಬ್ಬರು ತರುಣರು, ಅವರು ಒಂದು ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟುದೇಕೆ ಎಂಬಲ್ಲಿಂದ ಮಾತು ತೆಗೆದರು. ಆ ಇಬ್ಬರಲ್ಲೊಬ್ಬರಾದ ಪಿ. ಎನ್. ಫರ್ಬ್ಯಾಂಕ್ ಮುಂದೆ ಫಾರ್ಸ್ಟರರ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದರು. ಕೃತಿಗಳನ್ನು ಓದಿ ಬಂದವರ ಪ್ರಶ್ನೆ ಹೇಗಿರುತ್ತದೆಂಬುದಕ್ಕೆ ಇದು ಮಾದರಿ. ಆ ಕಾಲದಲ್ಲಿ ಸಂದರ್ಶಕರು ಜೋಡಿಯಾಗಿ ಹೋಗಿ ಉತ್ತರಗಳನ್ನು ಬರೆದುಕೊಳ್ಳುತ್ತಿದ್ದರು. ಪ್ರಕಟಣೆಗೆ ಮುನ್ನ ಲೇಖಕರು ತಮ್ಮ ಮಾತನ್ನು ತಿದ್ದಲು ಅವಕಾಶವಿತ್ತು.

ಆ ಪತ್ರಿಕೆಯ 1958ರ ಹೆಮಿಂಗ್ವೇ ಸಂದರ್ಶನವನ್ನು ವಿಶೇಷವಾಗಿ ಗಮನಿಸಬೇಕು. 'ಎ ಫೇರ್‌ವೆಲ್ ಟು ಆರ್ಮ್ಸ್' (1929) ಕಾದಂಬರಿಯ ಕೊನೆಯ ಪುಟವನ್ನು ಮೂವತ್ತೊಂಬತ್ತು ಸಲ ತಿದ್ದಿ ಬರೆದುದಾಗಿ ಅಲ್ಲಿ ಅವರು ಹೇಳಿದ್ದಾರೆ. ಬಾಸ್ಟನ್ನಿನ ಕೆನೆಡಿ ಗ್ರಂಥಾಲಯದಲ್ಲಿರುವ ಹಸ್ತಪ್ರತಿಗಳ ಆಧಾರದ ಮೇಲೆ 2012ರಲ್ಲಿ ಹೊರಬಂದ ಆವೃತ್ತಿಯಲ್ಲಿ ನಲವತ್ತೇಳು ಮುಕ್ತಾಯಗಳು ಅಚ್ಚಾಗಿವೆ. ಯಾವ ತಿದ್ದುಪಡಿಯನ್ನು ಹೊಸ ಮುಕ್ತಾಯವೆಂದು ಗಣಿಸಬೇಕೆಂಬುದರ ಮೇಲೆ ಈ ಎಣಿಕೆ ನಿಂತಿರುವುದರಿಂದ, ಹೆಮಿಂಗ್ವೇ ಹೇಳಿದ ಸಂಖ್ಯೆ ತಪ್ಪೆಂದು ಸಾಧಿಸುವುದರಲ್ಲಿ ಹುರುಳಿಲ್ಲ. ಅವರ ಮಾತಿನ ಸಾರವನ್ನು ಹಸ್ತಪ್ರತಿಗಳು ಸಮರ್ಥಿಸಿವೆ ಎಂಬುದೇ ಮುಖ್ಯ. ಪಂಪನ ಆರು ತಿಂಗಳಿಗೆ ದೊರೆಯದ ಹೊರಗಿನ ಸಾಕ್ಷ್ಯ ಇಲ್ಲಿ ದೊರೆತಿದೆ.

ಆದರೆ ಈ ಎರಡು ಹೇಳಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಹತ್ತನೆಯ ಶತಮಾನದ ಕವಿ ತಾನು ಎಷ್ಟು ಬೇಗ ಮುಗಿಸಿದೆನೆಂದು ಹೆಮ್ಮೆಪಡುತ್ತಾನೆ. ಇಪ್ಪತ್ತನೆಯ ಶತಮಾನದ ಕಾದಂಬರಿಕಾರನು ತನಗೆ ಎಷ್ಟು ಸಲ ಮುಗಿಸಲಾಗಲಿಲ್ಲವೆಂದು ಹೇಳುತ್ತಾನೆ. ಆಸ್ಥಾನಕ್ಕೆ ಬೇಕಾದುದು ಪ್ರತಿಭೆಯ ವೇಗ. ಕರಡುಗಳನ್ನು ಕೊಂಡು ಕಾಪಾಡುವ ಕಾಲಕ್ಕೆ ಬೇಕಾದುದು ದುಡಿಮೆಯ ಕಥೆ. ತನ್ನ ಕಾಲದ ವಾಚಕರು ಲೇಖಕನಲ್ಲಿ ಯಾವ ಗುಣವನ್ನು ಪೂಜಿಸುತ್ತಾರೆಂಬುದಕ್ಕೆ ಇಂಥ ಹೇಳಿಕೆಗಳು ಸಾಕ್ಷ್ಯ. ಆ ವಿಷಯದಲ್ಲಿ ಅವು ಲೇಖಕನಿಗೆ ತಿಳಿಯದೆಯೇ ನಿಜವನ್ನು ನುಡಿಯುತ್ತವೆ.

ನಬೊಕೊವ್ ಪ್ರಶ್ನೆಗಳನ್ನು ಮುಂಚಿತವಾಗಿ ಬರೆದು ಕಳುಹಿಸಬೇಕೆಂದು ಕೇಳಿ, ಉತ್ತರಗಳನ್ನೂ ಬರೆದೇ ಕೊಡುತ್ತಿದ್ದರು. ಅವು ಪ್ರಶ್ನೋತ್ತರದ ವೇಷ ತೊಟ್ಟ ಪ್ರಬಂಧಗಳು. ಹಾಗೆಂದು ತಿಳಿದು ಓದಿದರೆ ಅವುಗಳಿಂದ ಯಾವ ಮೋಸವೂ ಇಲ್ಲ.

ಕನ್ನಡದ ವಾಚಕರಿಗೆ ಈ ಬಗೆಯ ಓದು ಹೊಸದಾಗಬೇಕಾಗಿಲ್ಲ. 12ನೆಯ ಶತಮಾನದ ಶರಣರ ಬಿಡಿ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಪ್ರಶ್ನೋತ್ತರಗಳಂತೆ ಹೊಂದಿಸಿ ಶೂನ್ಯಸಂಪಾದನೆಯನ್ನು ಕಟ್ಟಿದನು. ಅವನ ತರುವಾಯ ಮೂವರು ಅದನ್ನು ಮತ್ತೆ ಪರಿಷ್ಕರಿಸಿದರು. ಅಲ್ಲಮನ ವಚನಗಳು ಒಂದು ಕಾಲದವು, ಅವು ಇಂಥ ಪ್ರಶ್ನೆಗೆ ಉತ್ತರವೆಂಬ ಹೊಂದಿಕೆ ಇನ್ನೊಂದು ಕಾಲದ್ದು. ಈ ಎರಡು ಪದರಗಳನ್ನು ಬೇರ್ಪಡಿಸಿ ಓದುವ ಶಿಕ್ಷಣ ನಮ್ಮ ವಿಭಾಗಗಳಲ್ಲಿ ಇದೆ. ಯು. ಆರ್. ಅನಂತಮೂರ್ತಿಯವರ ಆತ್ಮಕಥೆ 'ಸುರಗಿ' (2012) ಅವರು ಹೇಳಿ ಜ. ನಾ. ತೇಜಶ್ರೀಯವರು ನಿರೂಪಿಸಿದ ಗ್ರಂಥ. ಇಬ್ಬರ ಕೈ ಸೇರಿದೆಯೆಂಬುದನ್ನು ಗ್ರಂಥವೇ ತಿಳಿಸುವುದರಿಂದ ಮುಂದಿನ ಸಂಶೋಧಕನು ಅದನ್ನು ಯಾವ ವರ್ಗದಲ್ಲಿಡಬೇಕೆಂದು ತಡಕಾಡಬೇಕಾಗಿಲ್ಲ. ನಿಯತಕಾಲಿಕಗಳಲ್ಲಿ ಬರುವ ಸಂದರ್ಶನಗಳಲ್ಲಿ ಇಷ್ಟೂ ಇರುವುದು ಅಪೂರ್ವ. ಮಾತು ನಡೆದ ದಿನ ಯಾವುದು, ಒಂದೇ ಬೈಠಕ್ಕೋ ಹಲವೋ, ಲೇಖಕರು ಕರಡನ್ನು ನೋಡಿದರೋ ಇಲ್ಲವೋ, ಕನ್ನಡದಲ್ಲಿ ನಡೆದ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅನುವಾದ ಯಾರದು, ಇವೊಂದೂ ಇರುವುದಿಲ್ಲ.

ಈಗ ಜೇಬಿನಲ್ಲಿರುವ ದೂರವಾಣಿಯೇ ಧ್ವನಿಯನ್ನು ಹಿಡಿದಿಡುತ್ತದೆ. ಎಕರ್‌ಮನ್ನನಿಗೆ ಇಂಥ ಸಲಕರಣೆ ಇರಲಿಲ್ಲ. ಆದರೆ ಲೇಖನ ಅಚ್ಚಾದೊಡನೆ ಆ ಧ್ವನಿಯನ್ನು ಅಳಿಸಿಹಾಕುವುದನ್ನೂ ನಾವು ನೋಡುತ್ತಿದ್ದೇವೆ. ಹಾಗೆ ಅಳಿಸಿದಾಗ ಲೇಖಕರು ಉತ್ತರಿಸುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು, ಯಾವ ಪ್ರಶ್ನೆಯನ್ನು ತಳ್ಳಿಹಾಕಿದರು, ಯಾವ ವಾಕ್ಯವನ್ನು ಹಿಂತೆಗೆದುಕೊಂಡರು ಎಂಬುದೆಲ್ಲ ಹೋಗುತ್ತದೆ. ಧ್ವನಿಮುದ್ರಣವನ್ನೂ ತಿದ್ದಿದ ಕರಡನ್ನೂ, ಲೇಖಕರ ಒಪ್ಪಿಗೆ ಪಡೆದು, ಆಯಾ ಕಾಲೇಜಿನ ಗ್ರಂಥಭಂಡಾರದಲ್ಲಿ ಇರಿಸುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸಂದರ್ಶನವನ್ನೇ ಆಧಾರವಾಗಿಟ್ಟುಕೊಂಡ ಪ್ರಬಂಧಗಳನ್ನು ಒಪ್ಪಿಸುವಾಗ ಇವೆರಡನ್ನೂ ಜೊತೆಗೆ ಒಪ್ಪಿಸಬೇಕೆಂಬ ನಿಯಮವನ್ನು ವಿಭಾಗಗಳು ಮುಂದಿನ ವರ್ಷದಿಂದಲೇ ಮಾಡಬಹುದು.