ಬೇಸಿಗೆ ರಜೆಯಲ್ಲಿ ಖಯಾಲ್ ಕೇಳಲು ಕಲಿಯುವವರಿಗೆ

ಹಿಂದೂಸ್ತಾನಿ ಸಂಗೀತದ ಪರಿಚಯವಿಲ್ಲದವರು ಪುಣೆಯಲ್ಲಿ ಅದನ್ನು ಕೇಳಬೇಕೆಂದು ಹೊರಟಾಗ ಸಾಮಾನ್ಯವಾಗಿ ಡಿಸೆಂಬರಿನ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ದಾರಿ ಹಿಡಿಯುತ್ತಾರೆ. ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿ 1952ರಲ್ಲಿ ಪುಣೆಯಲ್ಲಿ ತೀರಿಕೊಂಡ ಸವಾಯಿ ಗಂಧರ್ವರ ನೆನಪಿಗಾಗಿ ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು 1953ರಿಂದ ನಡೆಸಿಕೊಂಡು ಬಂದ ಈ ಉತ್ಸವದ ಹಿರಿಮೆ ನಿರ್ವಿವಾದವಾದರೂ, ಒಬ್ಬರ ಬೆನ್ನಿಗೊಬ್ಬರಂತೆ ಹಲವು ಕಲಾವಿದರು ಹಾಡಿ ಏಳುವ ಆ ವೇದಿಕೆ ಹೊಸ ಕಿವಿಗೆ ಮೊದಲ ಪಾಠಶಾಲೆಯಾಗಲಾರದು. ಕಿವಿ ಹದಗೊಳ್ಳುವುದು ಮನೆಯಲ್ಲಿ, ಬಿಡುವಿರುವ ಕಾಲದಲ್ಲಿ. ಅದಕ್ಕೆ ಏಪ್ರಿಲ್, ಮೇ ತಿಂಗಳ ರಜೆಗಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ಮೊದಲು ಹಿಡಿಯಬೇಕಾದದ್ದು ರಾಗದ ಹೆಸರನ್ನಲ್ಲ, ಷಡ್ಜವನ್ನು, ಅಂದರೆ ಉಳಿದೆಲ್ಲ ಸ್ವರಗಳಿಗೆ ನೆಲೆಯಾಗಿ ನಿಲ್ಲುವ ಆಧಾರಸ್ವರವನ್ನು. ಇದಕ್ಕೆ ಮನೆಯೊಳಗಿನ ಸದ್ದೇ ಸಾಕಾಗುತ್ತದೆ. ಭಾರತದಲ್ಲಿ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನಗಳದ್ದಾದ್ದರಿಂದ ಫ್ರಿಜ್ಜಿನ ಗುಂಯ್‌ಗುಡುವಿಕೆ ಬಹುಮಟ್ಟಿಗೆ 100 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಅದನ್ನೇ ಷಡ್ಜವೆಂದು ಭಾವಿಸಿದರೆ ಪಂಚಮ 150ರಲ್ಲೂ ತಾರಷಡ್ಜ 200ರಲ್ಲೂ ಬರುತ್ತವೆ. ಬಾಯಿ ಮುಚ್ಚಿಕೊಂಡು ಆ ನಾದಕ್ಕೆ ದನಿ ಕೂಡಿಸುತ್ತ ಹೋದರೆ, ಮೊದಲು ಎರಡರ ನಡುವೆ ಅಲೆಯಂಥ ನಡುಕ ಕೇಳಿಸಿ, ಸ್ವರ ಸೇರಿದ ಗಳಿಗೆಯಲ್ಲಿ ಅದು ಮಾಯವಾಗುತ್ತದೆ. ಶ್ರುತಿ ಸೇರುವುದೆಂದರೆ ಏನೆಂಬುದನ್ನು ವಿವರಣೆಗಿಂತ ಈ ಅನುಭವ ಚೆನ್ನಾಗಿ ತಿಳಿಸುತ್ತದೆ.

ಅನಂತರ ಸಂಗೀತ ಶಿಕ್ಷಕರೊಬ್ಬರ ತಂಬೂರಿಯ ಬಳಿ ಕೂರುವುದು ಸುಲಭ. ಪುಣೆಯ ಅನೇಕ ತಂಬೂರಿಗಳು ಕನ್ನಡದ ಗಡಿಗೆ ತಾಗಿದ ಮೀರಜದಲ್ಲಿ ತಯಾರಾದವು. ನಾಲ್ಕು ತಂತಿಗಳಲ್ಲಿ ಮೊದಲನೆಯದು ಹೆಚ್ಚಾಗಿ ಪಂಚಮಕ್ಕೆ, ನಡುವಿನ ಎರಡು ಷಡ್ಜಕ್ಕೆ, ಕೊನೆಯದು ಒಂದು ಸ್ಥಾಯಿ ಕೆಳಗಿನ ಖರಜಕ್ಕೆ ಸೇರಿರುತ್ತವೆ. ತಂತಿ ಹಾಯುವ ಕುದುರೆಯ ಮೇಲೆ ಒಂದೊಂದು ತಂತಿಯ ಕೆಳಗೂ ಎಳೆ ದಾರವಿಟ್ಟು, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಜವಾರಿ ಎಂಬ ಝೇಂಕಾರವನ್ನು ತೆರೆಯುತ್ತಾರೆ. ಬೇಸಿಗೆಯ ಒಣಹವೆಗೆ ಬಿರಡೆ ಸಡಿಲಗೊಂಡು, ಬಿಸಿಗೆ ತಂತಿ ಹಿಗ್ಗಿ, ಶ್ರುತಿ ಇಳಿಯುತ್ತಿರುತ್ತದೆಯಾದ್ದರಿಂದ ಶಿಕ್ಷಕರು ಅದನ್ನು ಮತ್ತೆ ಮತ್ತೆ ಕೂಡಿಸುವ ಕೆಲಸವನ್ನು ಹತ್ತಿರದಿಂದ ನೋಡಲು ಇದೇ ತಕ್ಕ ಕಾಲ. ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಯಾವ ತಂತಿಗೂ ಕೂಡಿಸದ ಗಾಂಧಾರವೊಂದು ಖರಜದ ತಂತಿಯೊಳಗಿಂದ ತಾನಾಗಿ ಹೊಮ್ಮುತ್ತದೆ. ಇದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಅದು ಕೇಳಿಸುವವರೆಗೆ ಬೇರೇನನ್ನೂ ಕೇಳಲು ಆತುರಪಡದಿರುವುದು ಮೇಲು.

ರಾಗಕ್ಕೆ ಬಂದಾಗ ಹೊತ್ತೇ ಮಾರ್ಗದರ್ಶಿ. ಬಿರುಬಿಸಿಲಿನ ಮಧ್ಯಾಹ್ನಕ್ಕೆ ಸಂಪ್ರದಾಯ ಗೊತ್ತುಮಾಡಿದ್ದು ಸಾರಂಗದ ಬಗೆಗಳನ್ನು. ಅವುಗಳಲ್ಲಿ ವೃಂದಾವನಿ ಸಾರಂಗ ಕನ್ನಡ ಕೇಳುಗರಿಗೆ ಬೇಗ ದಕ್ಕುತ್ತದೆ, ಏಕೆಂದರೆ ಗಾಂಧಾರ, ಧೈವತಗಳನ್ನು ಬಿಟ್ಟ ಅದರ ನಡೆ ಕರ್ನಾಟಕ ಸಂಗೀತ ಕಚೇರಿಯ ಕೊನೆಗೆ ಮಂಗಳಕ್ಕೆ ಹಾಡುವ ಮಧ್ಯಮಾವತಿಯನ್ನು ನೆನಪಿಸುತ್ತದೆ. ವ್ಯತ್ಯಾಸವಿರುವುದು ನಿಷಾದದಲ್ಲಿ: ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ. ಒಂದೇ ಧ್ವನಿಮುದ್ರಣವನ್ನು ವಾರವಿಡೀ ಅದೇ ಹೊತ್ತಿಗೆ ಕೇಳಿ, ಆ ಎರಡು ನಿಷಾದಗಳು ಬೇರೆ ಬೇರೆಯಾಗಿ ಕಿವಿಗೆ ಬೀಳುವಂತಾದರೆ ಅದು ಹತ್ತು ರಾಗಗಳ ಲಕ್ಷಣ ಬಾಯಿಪಾಠ ಮಾಡಿದ್ದಕ್ಕಿಂತ ದೊಡ್ಡ ಗಳಿಕೆ.

ತಾಳದಲ್ಲಿ ತಬ್ಬಿಬ್ಬಾಗುವವರೇ ಹೆಚ್ಚು, ಮುಖ್ಯವಾಗಿ ವಿಲಂಬಿತ ಖಯಾಲಿನಲ್ಲಿ, ಅಂದರೆ ನಿಧಾನಲಯದಲ್ಲಿ ಬಂದಿಶ್ ಎಂಬ ಕಿರುರಚನೆಯನ್ನು ಆಧರಿಸಿ ರಾಗವನ್ನು ಬೆಳೆಸುವ ಭಾಗದಲ್ಲಿ. ಸವಾಯಿ ಗಂಧರ್ವರು ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಪಡೆದ ಕಿರಾನಾ ಘರಾಣೆ ಎಂಬ ಪರಂಪರೆಯ ಗಾಯನಶೈಲಿಯಲ್ಲಿ ಒಂದೊಂದು ಸ್ವರದ ಮೇಲೂ ನಿಂತು ನಿಂತು ಮುಂದುವರಿಯುವ ಬಢತ್ ಇರುವುದರಿಂದ, ಹನ್ನೆರಡು ಮಾತ್ರೆಗಳ ಏಕತಾಳದ ಒಂದು ಸುತ್ತಿಗೆ ಒಂದು ನಿಮಿಷದಷ್ಟು ಹೊತ್ತು ಹಿಡಿಯುವುದುಂಟು. ಬೆರಳೆಣಿಸಿ ಕೂತರೆ ಹಾಡು ಕೈತಪ್ಪುತ್ತದೆ. ತಬಲಾದ ಠೇಕಾದಲ್ಲಿ, ಅಂದರೆ ತಾಳವನ್ನು ಗುರುತಿಸುವ ನುಡಿಗಳ ಸರಣಿಯಲ್ಲಿ, ‘ತಿರಕಿಟ’ ಎಂಬ ಬಿಗಿಯಾದ ಬೋಲು ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಗಳಲ್ಲಿ ಬರುತ್ತದೆ. ಮೊದಲನೆಯದರ ಬೆನ್ನಿಗೆ ಎಡಗೈಯ ಗಂಭೀರ ನಾದವಿಲ್ಲದ ‘ತೂ ನಾ’, ಎರಡನೆಯದರ ಬೆನ್ನಿಗೆ ಆ ನಾದ ತುಂಬಿದ ‘ಧೀ ನಾ’. ಹೀಗೆ ಎಡಗೈ ಮರಳಿತೆಂದರೆ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಎರಡೇ ಹೆಜ್ಜೆ ದೂರವಿದೆಯೆಂದು ತಿಳಿಯಬೇಕು. ಗಾಯಕರು ಬಂದಿಶಿನ ಮುಖಡಾ, ಎಂದರೆ ಪಲ್ಲವಿಯ ತುಣುಕನ್ನು, ಎತ್ತಿಕೊಳ್ಳುವುದೂ ಹೆಚ್ಚುಕಡಿಮೆ ಅಲ್ಲಿಯೇ.

ಜ್ಯೇಷ್ಠ ಮಾಸದಲ್ಲಿ ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಖಿಗಳು ಪಂಢರಪುರಕ್ಕೆ ಹೊರಟು ಪುಣೆಯಲ್ಲಿ ತಂಗುವಾಗ ಈ ಅಭ್ಯಾಸ ಬೀದಿಗೂ ಒದಗುತ್ತದೆ. ತಾಳ, ಮೃದಂಗಗಳೊಡನೆ ಸಾಗುವ ದಿಂಡಿಗಳು, ಅಂದರೆ ಯಾತ್ರಿಕರ ತಂಡಗಳು, ಹಾಡುವ ಅಭಂಗವೆಂಬ ಭಕ್ತಿಪದದಲ್ಲಿ ಮಾತಿನ ತೂಕವೇ ಮೊದಲು, ರಾಗ ಅದನ್ನು ಹಿಂಬಾಲಿಸುತ್ತದೆ. ಭೀಮಸೇನರು ಮರಾಠಿಯ ಅಭಂಗವನ್ನೂ ಕನ್ನಡದ ದಾಸರ ಪದವನ್ನೂ ಹಾಡಿದ ಧ್ವನಿಮುದ್ರಣಗಳನ್ನು ಅವರ ಖಯಾಲಿನ ಜೊತೆಗಿಟ್ಟು ಕೇಳುವವರು, ಅದೇ ಕಂಠ ತಾನ್ ಎಂಬ ವೇಗದ ಸ್ವರಸರಣಿಯನ್ನು ಎಲ್ಲಿ ಮೊಟಕುಗೊಳಿಸುತ್ತದೆ, ಯಾವ ಅಕ್ಷರದ ಮೇಲೆ ಸ್ವರವನ್ನು ಹಚ್ಚಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು.